ಗಿಳಿ ಕೊಕ್ಕು ಬಂದರೆ ಬೀಟರ್ ನಿಲ್ಲಿಸಿ

ತುಮಕೂರಿನಲ್ಲಿ ನಾನು ಚೀಸ್‌ಕೇಕ್ ಕ್ಲಾಸ್ ಮುಗಿಸಿದ ವಾರವೇ ಫೋನ್ ಶುರುವಾಗುತ್ತದೆ. 'ಮೇಡಂ, ಓವನ್ನಿನಲ್ಲಿ ಗೋಪುರದ ಹಾಗೆ ಎದ್ದಿತ್ತು. ಮೇಲೆ ಬಿರುಕು ಬಿಟ್ಟು ಕುಸಿದೇ ಹೋಯ್ತು. ಬಿಸ್ಕತ್ತಿನ ತಳ ಹಾಕಿಲ್ಲವಲ್ಲ, ಅದಕ್ಕೇ ಅಲ್ವಾ?'

ಅಲ್ಲ. ಜಪಾನೀ ಶೈಲಿಯ ಈ ಹಗುರ ಚೀಸ್‌ಕೇಕಿಗೆ ತಳ ಬೇಕಿಲ್ಲ. ಇದನ್ನು ಎತ್ತಿ ನಿಲ್ಲಿಸುವುದು ಮೊಟ್ಟೆಯ ಬಿಳಿಯ ನೊರೆ. ನೀವು ಕೆಡಿಸುವುದೂ ಅದನ್ನೇ.

ಅಳತೆ ಬೇಗ ಹೇಳಿಬಿಡುತ್ತೇನೆ. 8 ಇಂಚಿನ ಟಿನ್ನಿಗೆ ಕ್ರೀಮ್ ಚೀಸ್ 250 ಗ್ರಾಂ, ಬೆಣ್ಣೆ 50, ಮೈದಾ 60, ಕಾರ್ನ್‌ಫ್ಲೋರ್ 20, ಸಕ್ಕರೆ 140, ಹಾಲು 100 ಎಂಎಲ್, ಮೊಟ್ಟೆ 6. ಪನೀರ್ ಹಾಕಬಹುದಾ ಅಂತ ಮಾತ್ರ ಕೇಳಬೇಡಿ.

ಈಗ ಬಿಳಿಯ ವಿಷಯ. ಪಾತ್ರೆ ಬೋರಲು ಹಾಕಿದರೂ ನೊರೆ ಬೀಳಬಾರದು ಅಂತ ಯಾರೋ ವಿಡಿಯೋದಲ್ಲಿ ತೋರಿಸಿರುತ್ತಾರೆ. ನೀವೂ ಬೀಟರ್ ಬಿಡುವುದೇ ಇಲ್ಲ. ಅಷ್ಟು ಗಟ್ಟಿಯಾದ ನೊರೆ ಚೀಸಿನ ಮಿಶ್ರಣಕ್ಕೆ ಸೇರುವುದಿಲ್ಲ, ಹತ್ತಿಯ ಉಂಡೆಯ ಹಾಗೆ ತೇಲುತ್ತದೆ. ಅದನ್ನು ಸೇರಿಸಲು ಜಾಸ್ತಿ ತಿರುವುತ್ತೀರಿ, ಅರ್ಧ ಗಾಳಿ ಅಲ್ಲೇ ಹೋಗುತ್ತದೆ. ಉಳಿದದ್ದು ಓವನ್ನಿನಲ್ಲಿ ಒಂದೇ ಸಲ ಉಬ್ಬಿ, ಮೇಲ್ಭಾಗ ಸೀಳಿ, ಆಮೇಲೆ ಕುಸಿಯುತ್ತದೆ. ಬೀಟರ್ ಎತ್ತಿದಾಗ ತುದಿ ಗಿಳಿ ಕೊಕ್ಕಿನ ಹಾಗೆ ಬಾಗಬೇಕು. ಅಷ್ಟೇ. ನೆಟ್ಟಗೆ ನಿಂತರೆ ಕೈ ಮೀರಿತು.

ಒಮ್ಮೆ ಕ್ಯಾತ್ಸಂದ್ರದ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ಬಂದಿದ್ದರು. ಮೊಟ್ಟೆ ತಿನ್ನುವವರಲ್ಲ, ಸುಮ್ನೆ ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಹುಡುಗಿ ನೊರೆಯನ್ನು ಗರಗರ ತಿರುವಿದ್ದೇ ತಡ, 'ಉಬ್ಬಿದ ಹಿಟ್ಟನ್ನ ಹಂಗೆ ತಿರುವ್ತಾರೇನೇ? ತಟ್ಟೆ ಇಡ್ಲಿ ಕಲ್ಲಾಗ್ತದೆ' ಅಂತ ಗದರಿದರು. ನಾನು ಇಷ್ಟು ವರ್ಷ ಬಾಯಿ ನೋಯಿಸಿಕೊಂಡು ಹೇಳಿದ್ದು ಅದನ್ನೇ. ಹುಡುಗಿ ಅವತ್ತು ಮೂರು ಸಲಕ್ಕೆ ಹಂಚಿ, ಅಡಿಯಿಂದ ಮೇಲಕ್ಕೆ ಮೆಲ್ಲಗೆ ಮಗುಚಿದಳು. ಚೆನ್ನಾಗಿ ಬಂತು.

ಟಿನ್ನನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟು 150 ಡಿಗ್ರಿಯಲ್ಲಿ ಸುಮಾರು 70 ನಿಮಿಷ. ನಿಮ್ಮ ಓಟಿಜಿ (ಮನೆಯ ಪುಟ್ಟ ಓವನ್) ಹೇಗೆ ಕಾಯುತ್ತದೋ ನನಗೆ ಗೊತ್ತಿಲ್ಲ, ಹಾಗಾಗಿ ಮೊದಲ ಸಲ ಗಾಜಿನಿಂದಲೇ ನೋಡುತ್ತಿರಿ. ಬಾಗಿಲು ತೆಗೆಯಬೇಡಿ. ಬೆಂದ ಮೇಲೆ ಆಫ್ ಮಾಡಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ, ಅರ್ಧ ಗಂಟೆ ಒಳಗೇ ಬಿಡಿ. ಆರುವಾಗ ಒಂದು ಬೆರಳಿನಷ್ಟು ಇಳಿಯುತ್ತದೆ. ಅಷ್ಟಕ್ಕೆಲ್ಲ ಫೋನ್ ಮಾಡಬೇಡಿ, ನನ್ನದೂ ಇಳಿಯುತ್ತದೆ.