ಬಂಡೆಯ ಮೇಲೆ ಗಂಟೆಗೆ ಒಂದೂವರೆ ಕಿಲೋಮೀಟರ್

ಅಮೆರಿಕದ ಯೂಟಾ ರಾಜ್ಯದಲ್ಲಿ ಮೊಯಾಬ್ ಎಂಬ ಊರಿದೆ. ಅದರ ಸುತ್ತ ಹರಡಿರುವ ಕೆಂಪು ಮರಳುಗಲ್ಲಿಗೆ ಅಲ್ಲಿಯವರು ‘ಸ್ಲಿಕ್‌ರಾಕ್’ ಎನ್ನುತ್ತಾರೆ, ಅಂದರೆ ಜಾರುಬಂಡೆ. ಮೊದಲು ಬಂದು ನೆಲೆಸಿದವರ ಕುದುರೆಗಳ ಕಬ್ಬಿಣದ ಲಾಳ ಆ ಕಲ್ಲಿನ ಮೇಲೆ ನಿಲ್ಲುತ್ತಿರಲಿಲ್ಲ, ಹೆಸರು ಹಾಗೆ ಬಿತ್ತು. ಅದೇ ಕಲ್ಲಿನ ಮೇಲೆ ರಬ್ಬರ್ ಟೈರು ಇಟ್ಟರೆ ಸ್ಯಾಂಡ್ ಪೇಪರ್ ಮೇಲೆ ಇಟ್ಟ ಹಾಗೆ ಕಚ್ಚಿಕೊಳ್ಳುತ್ತದೆ. 1967ರಿಂದ ಈಸ್ಟರ್ ಹಬ್ಬದ ಹೊತ್ತಿಗೆ ಅಲ್ಲಿ ಜೀಪುಗಳ ಜಾತ್ರೆ ನೆರೆಯುತ್ತಿದೆ. ಕ್ಯಾಲಿಫೋರ್ನಿಯಾದ ಜಾನ್ಸನ್ ವ್ಯಾಲಿ ಮರುಭೂಮಿಯಲ್ಲಿ 2007ರಲ್ಲಿ ಶುರುವಾದ ‘ಕಿಂಗ್ ಆಫ್ ದಿ ಹ್ಯಾಮರ್ಸ್’ ಓಟವಂತೂ ಆಳೆತ್ತರದ ಗುಂಡುಗಳು ಉರುಳಿಬಿದ್ದ ಕಣಿವೆಗಳ ಮೇಲೂ ಸಾಗುತ್ತದೆ.

ಇಂಥ ಕಡೆ ಓಡಿಸುವ ಗಾಡಿಗೆ ಬಗ್ಗಿ ಎನ್ನುತ್ತಾರೆ. ಬಾಗಿಲಿಲ್ಲ, ಬಾನೆಟ್ಟಿಲ್ಲ, ಗಾಜಿಲ್ಲ. ಉಕ್ಕಿನ ಪೈಪುಗಳ ಒಂದು ಪಂಜರ, ಅದರೊಳಗೆ ಎಂಜಿನ್ನು, ಎರಡು ಸೀಟು, ಕೆಳಗೆ ಸೊಂಟದೆತ್ತರದ ನಾಲ್ಕು ಟೈರು. ಓಟದಲ್ಲಿ ಗೆಲ್ಲಲು ಹೊರಟವರು ಇದಕ್ಕೆ ಲಕ್ಷ ಡಾಲರಿಗೂ ಮೀರಿ ಸುರಿಯುತ್ತಾರೆ. ಆದರೆ ಮನೆಯ ಗ್ಯಾರೇಜಿನಲ್ಲಿ, ಗುಜರಿಯಿಂದ ತಂದ ಭಾಗಗಳಿಂದ, ಶನಿವಾರ ಭಾನುವಾರ ವೆಲ್ಡಿಂಗ್ ಮಾಡಿ ಬಗ್ಗಿ ಕಟ್ಟುವವರು ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು. ನನಗೆ ಆಸಕ್ತಿ ಇರುವುದು ಈ ಎರಡನೆಯವರಲ್ಲಿ. ಕಾಸು ಕಡಿಮೆ ಇದ್ದಾಗ ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಬಿಡಬಹುದು ಎಂಬುದನ್ನು ಅವರಿಗೆ ಭೌತವಿಜ್ಞಾನವೇ ಹೇಳಿಕೊಡುತ್ತದೆ.

ಬಂಡೆ ಹತ್ತಲು ದೊಡ್ಡ ಎಂಜಿನ್ನು ಬೇಕು ಎಂದುಕೊಳ್ಳುವುದು ಸಹಜ. ಲೆಕ್ಕ ಹಾಕಿ ನೋಡೋಣ. ಬಡವರ ಬಗ್ಗಿಗೆ ಅಮೆರಿಕದಲ್ಲಿ ಬಹುಕಾಲದಿಂದ ಆಧಾರವಾಗಿರುವುದು 1980ರ ದಶಕದ ಟೊಯೋಟಾ ಪಿಕಪ್. 2.4 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನು, ನೂರು ಕುದುರೆಶಕ್ತಿಯ ಆಸುಪಾಸು. ಅದರ ಐದು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರು 3.95 ಪಟ್ಟು ವೇಗ ಇಳಿಸುತ್ತದೆ. ಅದರ ಹಿಂದಿರುವ, ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನು ‘ಲೋ’ಗೆ ಹಾಕಿದರೆ ಇನ್ನೂ 2.28 ಪಟ್ಟು. ಆಕ್ಸಲಿನೊಳಗಿನ ಗೇರುಗಳು 4.10 ಪಟ್ಟು. ಮೂರನ್ನೂ ಗುಣಿಸಿದರೆ ಸುಮಾರು 37. ಅಂದರೆ ಎಂಜಿನ್ನು 37 ಸುತ್ತು ಹಾಕಿದಾಗ ಚಕ್ರ ಒಂದು ಸುತ್ತು ಹಾಕುತ್ತದೆ. ಐಡಲ್‌ನಲ್ಲಿ, ಅಂದರೆ ಆಕ್ಸಲರೇಟರ್ ಒತ್ತದೆ ನಿಮಿಷಕ್ಕೆ 800 ಸುತ್ತಿನಲ್ಲಿ, 35 ಇಂಚಿನ ಟೈರು ಹಾಕಿದ ಗಾಡಿ ಗಂಟೆಗೆ 3.6 ಕಿಲೋಮೀಟರ್ ಹೋಗುತ್ತದೆ. ನಿಧಾನ ನಡಿಗೆ ಅನಿಸಬಹುದು, ಆದರೆ ಮೊಣಕಾಲೆತ್ತರದ ಗುಂಡಿನ ಮೇಲೆ ಚಕ್ರ ಹತ್ತಿಸುವಾಗ ಇದು ಬಹಳ ಜೋರು.

ಇಲ್ಲಿ ಗ್ಯಾರೇಜಿನವರು ಒಂದು ಚೆಂದದ ಉಪಾಯ ಮಾಡುತ್ತಾರೆ. ಇನ್ನೊಂದು ಗುಜರಿ ಪಿಕಪ್ಪಿನಿಂದ ಟ್ರಾನ್ಸ್‌ಫರ್ ಕೇಸಿನ ವೇಗ ಇಳಿಸುವ ಭಾಗವನ್ನು ಬಿಚ್ಚಿ ತಂದು, ನಡುವೆ ಒಂದು ಅಡಾಪ್ಟರ್ ಪ್ಲೇಟು ಕೊಟ್ಟು, ಮೊದಲಿನದರ ಜೊತೆ ಸಾಲಾಗಿ ಜೋಡಿಸುತ್ತಾರೆ. ಈಗ ಮತ್ತೊಂದು 2.28ರಿಂದ ಗುಣಿಸಬೇಕು: ಒಟ್ಟು 84. ಅದೇ ಐಡಲ್‌ನಲ್ಲಿ ಗಾಡಿಯ ವೇಗ ಗಂಟೆಗೆ 1.6 ಕಿಲೋಮೀಟರಿಗೆ ಇಳಿಯುತ್ತದೆ.

ವೇಗ ಇಳಿದಷ್ಟೂ ಬಲ ಏರುತ್ತದೆ. ಬಾವಿಯ ರಾಟೆಗೆ ಇನ್ನೊಂದು ರಾಟೆ ಸೇರಿಸಿದಾಗ ಹಗ್ಗ ಹೆಚ್ಚು ಎಳೆಯಬೇಕಾಗುತ್ತದೆ, ಕೊಡ ಮಾತ್ರ ಹಗುರಾಗುತ್ತದಲ್ಲ, ಹಾಗೆ. ಐಡಲ್‌ನಲ್ಲಿ ಎಂಜಿನ್ನಿನ ತಿರುಚುಬಲ 80 ನ್ಯೂಟನ್ ಮೀಟರ್ ಎಂದಿಟ್ಟುಕೊಳ್ಳಿ. 84ರಿಂದ ಗುಣಿಸಿ, ಗೇರುಗಳ ಉಜ್ಜಾಟದಲ್ಲಿ ಐದನೇ ಒಂದು ಭಾಗ ಕಳೆದರೂ ಚಕ್ರಗಳು ನೆಲವನ್ನು ತಳ್ಳುವ ಬಲ ಸುಮಾರು 12,000 ನ್ಯೂಟನ್. ಒಂದೂವರೆ ಟನ್ ಬಗ್ಗಿಯ ತೂಕವೇ 14,700 ನ್ಯೂಟನ್. ಅಂದರೆ ಆಕ್ಸಲರೇಟರ್ ಮುಟ್ಟದೆಯೇ ಈ ಗಾಡಿ ತನ್ನ ತೂಕದ ಐದರಲ್ಲಿ ನಾಲ್ಕು ಪಾಲು ಬಲವನ್ನು ಕೊಡುತ್ತದೆ. ಇದಕ್ಕಿಂತ ಹೆಚ್ಚು ಕೊಟ್ಟರೆ ಬಹುಪಾಲು ಕಲ್ಲುಗಳ ಮೇಲೆ ರಬ್ಬರು ಜಾರತೊಡಗುತ್ತದೆ. ಹಾಗಿದ್ದ ಮೇಲೆ ಎಂಟು ಸಿಲಿಂಡರಿನ ಎಂಜಿನ್ನಿಗೆ ಕೊಡುವ ದುಡ್ಡು ಬಂಡೆ ಹತ್ತಲು ಏನೂ ಕೊಡುವುದಿಲ್ಲ.

ನಿಧಾನದ ಇನ್ನೊಂದು ಲಾಭ, ಭಾಗಗಳು ಉಳಿಯುತ್ತವೆ. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 10 ಕಿಲೋಮೀಟರಿನಲ್ಲಿ ಕಲ್ಲಿಗೆ ಗುದ್ದಿದ ಆಕ್ಸಲ್ ತಿನ್ನುವ ಪೆಟ್ಟು 1.6ರಲ್ಲಿ ತಿನ್ನುವುದರ 39 ಪಟ್ಟು. ಕ್ಲಚ್ಚೂ ಉಳಿಯುತ್ತದೆ, ಏಕೆಂದರೆ ಅದನ್ನು ಅರ್ಧ ತುಳಿದು ಸುಡುವ ಪ್ರಸಂಗವೇ ಬರುವುದಿಲ್ಲ. ಆ ಕಾಲದ ಹಲವು ಟೊಯೋಟಾ ಫೋರ್ ವೀಲ್ ಪಿಕಪ್‌ಗಳಲ್ಲಿ ಕ್ಲಚ್ ತುಳಿಯದೆ, ಗೇರಿನಲ್ಲೇ ಸ್ಟಾರ್ಟ್ ಮಾಡಲು ಒಂದು ಸ್ವಿಚ್ಚು ಇರುತ್ತಿತ್ತು. ಕಡಿದಾದ ಏರಿನಲ್ಲಿ ಎಂಜಿನ್ನು ನಿಂತುಹೋದಾಗ ಕಾಲನ್ನು ಬ್ರೇಕಿನ ಮೇಲೇ ಇಟ್ಟು ಕೀಲಿ ತಿರುಗಿಸಿದರೆ ಸಾಕು, ಸ್ಟಾರ್ಟರ್ ಮೋಟಾರೇ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಆ ಸ್ವಿಚ್ಚನ್ನು ಇಟ್ಟ ಎಂಜಿನಿಯರ್ ಖಂಡಿತ ಘಟ್ಟದಲ್ಲಿ ಗಾಡಿ ಓಡಿಸಿದವರೇ ಇರಬೇಕು.

ಬಲ ಇದ್ದರೆ ಸಾಲದು, ಅದು ನೆಲಕ್ಕೆ ಮುಟ್ಟಬೇಕು. ಇದರ ಅತ್ಯಂತ ಅಗ್ಗದ ದಾರಿ ಟೈರಿನ ಗಾಳಿ ಇಳಿಸುವುದು, ಖರ್ಚು ಸೊನ್ನೆ. ಒಂದು ಚಕ್ರದ ಮೇಲೆ 375 ಕಿಲೋ ಭಾರವಿದ್ದು ಗಾಳಿ 30 ಪಿಎಸ್‌ಐ ಇದ್ದರೆ ನೆಲಕ್ಕೆ ಒತ್ತುವ ಜಾಗ ಸುಮಾರು 180 ಚದರ ಸೆಂಟಿಮೀಟರ್, ಬೆರಳುಗಳೂ ಸೇರಿ ಒಂದು ಅಂಗೈಯಷ್ಟು. 10ಕ್ಕೆ ಇಳಿಸಿದರೆ ಲೆಕ್ಕದ ಪ್ರಕಾರ ಅದರ ಮೂರು ಪಟ್ಟು. ಟೈರಿನ ಬದಿಗೋಡೆಯೂ ಒಂದಿಷ್ಟು ಭಾರ ಹೊರುವುದರಿಂದ ನಿಜವಾದ ಹೆಚ್ಚಳ ಅಷ್ಟಿರುವುದಿಲ್ಲ. ಶಾಲೆಯಲ್ಲಿ ಘರ್ಷಣೆಗೂ ತಾಗುವ ಜಾಗಕ್ಕೂ ಸಂಬಂಧವಿಲ್ಲ ಎಂದು ಕಲಿತಿದ್ದೇವೆ. ಮರ, ಲೋಹಗಳಿಗೆ ಅದು ಸರಿ. ರಬ್ಬರು ಬೇರೆ ಜಾತಿ: ಕಲ್ಲಿನ ಕಣಕಣದ ನಡುವೆ ಇಳಿದು ಹಿಡಿಯುತ್ತದೆ, ಒತ್ತಡ ಹಂಚಿಹೋದಷ್ಟೂ ಅದರ ಹಿಡಿತ ಹೆಚ್ಚು. ಮೆತ್ತಗಾದ ಟೈರು ಕಲ್ಲಿನ ಮೂಲೆಯನ್ನು ಮುದ್ದೆಯ ಹಾಗೆ ಸುತ್ತಿಕೊಳ್ಳುತ್ತದೆ ಕೂಡ. ತೀರಾ ಇಳಿಸಿದರೆ ಟೈರು ರಿಮ್ಮಿನಿಂದ ಕಳಚಿಬರುತ್ತದೆ. ಹಾಗಾಗದಂತೆ ಬೋಲ್ಟು ಹಾಕಿ ಹಿಡಿಯುವ ರಿಂಗು, ಬೀಡ್‌ಲಾಕ್, ದುಡ್ಡು ಕೂಡಿದ ಮೇಲೆ ಕೊಳ್ಳಬಹುದು.

ಮುಂದಿನ ತೊಡಕು ಡಿಫರೆನ್ಷಿಯಲ್. ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಈ ಸಾಧನ ಎರಡಕ್ಕೂ ಸಮನಾದ ಬಲವನ್ನೇ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೂಗಾಡುತ್ತಿದ್ದರೆ ಅದಕ್ಕೆ ಬೇಕಾದ ಬಲ ಶೂನ್ಯ, ಆದ್ದರಿಂದ ಕಲ್ಲಿನ ಮೇಲಿರುವುದಕ್ಕೂ ಶೂನ್ಯ. ದುಡ್ಡಿದ್ದವರು ಗುಂಡಿ ಒತ್ತಿದಾಗ ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಲಾಕರ್ ಹಾಕಿಸುತ್ತಾರೆ. ಇಲ್ಲದವರು ಡಿಫರೆನ್ಷಿಯಲ್ಲಿನ ಒಳಗಿನ ಸಣ್ಣ ಗೇರುಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿಬಿಡುತ್ತಾರೆ. ಇದಕ್ಕೆ ಅಮೆರಿಕದಲ್ಲಿ ‘ಲಿಂಕನ್ ಲಾಕರ್’ ಎಂಬ ಅಡ್ಡಹೆಸರು, ಲಿಂಕನ್ ಎನ್ನುವುದು ವೆಲ್ಡಿಂಗ್ ಯಂತ್ರದ ಹೆಸರು. ಟಾರು ರಸ್ತೆಯಲ್ಲಿ ಇಂಥ ಗಾಡಿ ತಿರುವಿನಲ್ಲಿ ಟೈರು ಉಜ್ಜಿಕೊಂಡು ಕಿರುಚುತ್ತದೆ, ಆದರೆ ಟ್ರೇಲರ್ ಮೇಲೆ ಹೇರಿಕೊಂಡು ಹೋಗುವ ಬಗ್ಗಿಗೆ ಅದರ ಚಿಂತೆಯಿಲ್ಲ.

ಇಷ್ಟಾದ ಮೇಲೆ ಮುರಿಯುವುದು ಯಾವುದು? 84 ಪಟ್ಟು ಹೆಚ್ಚಿಸಿದ ಬಲ, ವೆಲ್ಡ್ ಮಾಡಿದ ಡಿಫರೆನ್ಷಿಯಲ್ಲಿನಿಂದಾಗಿ, ಕೆಲವೊಮ್ಮೆ ಪೂರ್ತಿಯಾಗಿ ಒಂದೇ ಚಕ್ರಕ್ಕೆ ಹೋಗುತ್ತದೆ. 1979ರಿಂದ 1985ರವರೆಗಿನ ಟೊಯೋಟಾ ಪಿಕಪ್‌ಗಳಿಗೆ ಮುಂದೆಯೂ ಇಡಿಯಾದ ಆಕ್ಸಲ್ ಇತ್ತು, ಅದಕ್ಕೇ ಗುಜರಿಯಲ್ಲಿ ಅವಕ್ಕೆ ಅಷ್ಟು ಬೇಡಿಕೆ. ಆ ಆಕ್ಸಲಿನ ದುರ್ಬಲ ಜಾಗ ಚಕ್ರದ ಬಳಿಯ ಬರ್ಫೀಲ್ಡ್ ಜಾಯಿಂಟು, ಚಕ್ರ ಪಕ್ಕಕ್ಕೆ ತಿರುಗಿದಾಗಲೂ ಬಲ ದಾಟಿಸುವ ಕೀಲು. ಆರು ಉಕ್ಕಿನ ಗುಂಡುಗಳು ಒಂದು ಬಟ್ಟಲಿನೊಳಗೆ ಕೊರೆದ ಕಾಲುವೆಗಳಲ್ಲಿ ಜಾರುತ್ತಾ ಬಲ ದಾಟಿಸುತ್ತವೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಗುಂಡುಗಳು ಕಾಲುವೆಯ ಅಂಚಿಗೆ ಬಂದಿರುತ್ತವೆ. ಆಗ ಆಕ್ಸಲರೇಟರ್ ತುಳಿದರೆ ಬಟ್ಟಲೇ ಒಡೆಯುತ್ತದೆ. ಗಟ್ಟಿ ಕ್ರೋಮ್ ಮಾಲಿಬ್ಡಿನಮ್ ಉಕ್ಕಿನದು ಕೊಳ್ಳಲು ಕಾಸಿಲ್ಲದವರು ಹಳೆಯ ಜಾಯಿಂಟೊಂದನ್ನು ಸ್ಟೆಪ್ನಿಯ ಜೊತೆ ಕಟ್ಟಿಕೊಂಡು ಹೋಗುತ್ತಾರೆ, ಚಕ್ರ ನೇರ ಮಾಡಿಕೊಂಡ ಮೇಲೆಯೇ ಬಲ ಕೊಡುತ್ತಾರೆ.

ಕಾಸು ಉಳಿಸಲೇಬಾರದ ಜಾಗ ಪಂಜರ. ಬಗ್ಗಿ ಮಗುಚುತ್ತದೆ, ಅದು ಈ ಆಟದ ಭಾಗ. ಸಾಮಾನ್ಯವಾಗಿ ಬಳಸುವ ಪೈಪು 1.75 ಇಂಚು ಹೊರವ್ಯಾಸದ್ದು, ಗೋಡೆಯ ದಪ್ಪ 3 ಮಿಲಿಮೀಟರ್, ಮೀಟರಿಗೆ 3 ಕಿಲೋ ತೂಕ. ಅಷ್ಟೇ ತೂಕದ ಗಟ್ಟಿ ಸರಳಿನ ವ್ಯಾಸ 22 ಮಿಲಿಮೀಟರ್ ಆಗುತ್ತದೆ. ಬಾಗದೆ ನಿಲ್ಲುವುದರಲ್ಲಿ ಪೈಪು ಆ ಸರಳಿಗಿಂತ ಸುಮಾರು 7 ಪಟ್ಟು ಬಿಗಿ. ಬಾಗುವಾಗ ದುಡಿಯುವುದು ಹೊರಮೈಯ ಉಕ್ಕು, ನಡುವಿನದು ಸುಮ್ಮನೆ ಕೂತಿರುತ್ತದೆ. ಬಿದಿರು ಟೊಳ್ಳಾಗಿಯೂ ಗಾಳಿಗೆ ನಿಲ್ಲುವುದು ಇದರಿಂದಲೇ. ಆದರೆ ನೀರಿನ ಪೈಪು ಎಂದೂ ಬೇಡ. ಅದು ನೀರಿನ ಒತ್ತಡಕ್ಕೆಂದು ಮಾಡಿದ್ದು, ಪೆಟ್ಟು ಬಿದ್ದಾಗ ಹೇಗೆ ಬಾಗುತ್ತದೆಂಬ ಭರವಸೆಯನ್ನು ಯಾರೂ ಕೊಟ್ಟಿರುವುದಿಲ್ಲ. ಪೈಪುಗಳನ್ನು ತ್ರಿಕೋನವಾಗಿ ಜೋಡಿಸಬೇಕು, ಚೌಕ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ವೆಲ್ಡಿಂಗ್ ಬಾರದಿದ್ದರೆ ಈ ಒಂದು ಕೆಲಸವನ್ನು ಬಲ್ಲವರಿಂದ ಮಾಡಿಸಿ. ಸೀಟ್ ಬೆಲ್ಟನ್ನೂ ಹೊಸದನ್ನೇ ಕೊಳ್ಳಿ.

ಟೊಯೋಟಾಕ್ಕಿಂತ ಅಗ್ಗದ ಇನ್ನೊಂದು ದಾರಿ ಅಮೆರಿಕದವರಿಗಿದೆ, ಅದು ನಮಗೂ ಗುರುತಿನದು. ಅಲ್ಲಿ ಸುಜುಕಿ ಸಮುರಾಯ್ ಎಂದು ಮಾರಾಟವಾದ ಗಾಡಿ ನಮ್ಮಲ್ಲಿ 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಒಡಹುಟ್ಟು. ಹಿಂದೆ ಮುಂದೆ ಇಡಿಯಾದ ಆಕ್ಸಲ್, ಲೀಫ್ ಸ್ಪ್ರಿಂಗ್, ತೂಕ ಒಂದು ಟನ್ನಿನ ಆಸುಪಾಸು. ಹಗುರ ಗಾಡಿಗೆ ಸಣ್ಣ ಭಾಗಗಳೂ ತಾಳುತ್ತವೆ. ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯಾಗಿ ಕೂರುವುದರಿಂದ ಒಳಗಿನ ಗೇರು ಬದಲಿಸುವುದು ಸುಲಭ, ಅಲ್ಲಿ 6.5 ಪಟ್ಟಿನ ಗೇರುಗಳೂ ಸಿಗುತ್ತವೆ. ನಮ್ಮಲ್ಲಿ ಹೀಗೆ ಮಾರ್ಪಡಿಸಿದ ಗಾಡಿಯನ್ನು ಮೋಟಾರು ವಾಹನ ಕಾಯ್ದೆ ರಸ್ತೆಗೆ ಬಿಡುವುದಿಲ್ಲ, ಖಾಸಗಿ ಜಾಗಕ್ಕೆ ಲಾರಿಯಲ್ಲೇ ಒಯ್ಯಬೇಕು.

ಕಟ್ಟಿ ಮುಗಿದ ಬಗ್ಗಿಯನ್ನು ಬಂಡೆಗೆ ಒಯ್ಯುವ ಮೊದಲು ಅದರ ಗುರುತ್ವ ಕೇಂದ್ರ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯಲು ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ಯಬೇಕು. ಸಮತಟ್ಟಿನಲ್ಲಿ ಮುಂದಿನ ಆಕ್ಸಲಿನ ಭಾರ ಬರೆದುಕೊಳ್ಳಿ. ಸ್ಪ್ರಿಂಗುಗಳು ಕುಗ್ಗದಂತೆ ಕಟ್ಟಿ, ಗಾಡಿ 15 ಡಿಗ್ರಿ ಓರೆಯಾಗುವಷ್ಟು ಹಿಂಭಾಗವನ್ನು ಎತ್ತಿ ಮತ್ತೆ ಬರೆದುಕೊಳ್ಳಿ. ಮುಂದೆ 60 ಕಿಲೋ ಹೆಚ್ಚಿತು ಅನ್ನಿ. ಅದನ್ನು ಆಕ್ಸಲ್‌ಗಳ ನಡುವಿನ ದೂರ 2.5 ಮೀಟರಿನಿಂದ ಗುಣಿಸಿ, ಒಟ್ಟು ತೂಕ 1,500 ಮತ್ತು 15 ಡಿಗ್ರಿಯ ಟ್ಯಾಂಜೆಂಟ್ 0.268, ಇವೆರಡರ ಗುಣಲಬ್ಧದಿಂದ ಭಾಗಿಸಿದರೆ 0.37 ಮೀಟರ್. ಚಕ್ರದ ನಡುವಿನ ಎತ್ತರ 0.42 ಕೂಡಿಸಿದರೆ ಗುರುತ್ವ ಕೇಂದ್ರ ನೆಲದಿಂದ 0.79 ಮೀಟರ್ ಮೇಲಿದೆ. ಚಕ್ರಗಳ ನಡುವಿನ ಅಗಲ 1.5 ಮೀಟರ್ ಇದ್ದರೆ ಈ ಗಾಡಿ ಪಕ್ಕಕ್ಕೆ 43 ಡಿಗ್ರಿ ವಾಲಿದಾಗ ಮಗುಚುತ್ತದೆ, ಸ್ಪ್ರಿಂಗುಗಳು ಬಿಟ್ಟುಕೊಡುವುದರಿಂದ ಇನ್ನೂ ಸ್ವಲ್ಪ ಮೊದಲೇ. ಬ್ಯಾಟರಿ, ಪೆಟ್ರೋಲ್ ಟ್ಯಾಂಕು, ಸೀಟು ಇವನ್ನೆಲ್ಲ ಕೆಳಕ್ಕಿಳಿಸಿ, ಸ್ಪ್ರಿಂಗನ್ನೂ ತಗ್ಗಿಸಿ ಆ ಎತ್ತರವನ್ನು 0.65ಕ್ಕೆ ತಂದರೆ 49 ಡಿಗ್ರಿ. ಈ ಆರು ಡಿಗ್ರಿಗೆ ಖರ್ಚಾಗುವುದು ಕೆಲವು ಬ್ರಾಕೆಟ್ಟುಗಳನ್ನು ಕತ್ತರಿಸಿ ಮತ್ತೆ ಬೆಸೆಯುವ ಎರಡು ದಿನದ ಕೆಲಸ.