ಸೆಕೆಂಡನ್ನು ಮೂವತ್ತರಿಂದ ಗುಣಿಸಬೇಡಿ

"ನಿಮ್ಮವರು ನಿದ್ದೆಗಣ್ಣಲ್ಲಿ ಲೇಬಲ್ ಮಾಡಿದ್ದಾರೆ." ವಿಡಿಯೊದಲ್ಲಿ ಕಾಣುವ ವಸ್ತುಗಳ ಸುತ್ತ ಬಾಕ್ಸ್ ಹಾಕಿ ಗುರುತಿಸುವುದು, ಅಂದರೆ ಲೇಬಲ್ ಮಾಡುವುದು, ನಮ್ಮವರ ಕೆಲಸ; ವಿಡಿಯೊ ಕಳಿಸುವ ಗಿರಾಕಿಗಳಿಂದ ಇಂಥ ಮೇಲ್ ನನಗೆ ಆಗಾಗ ಬರುತ್ತದೆ. ಜೊತೆಗೊಂದು ಸ್ಕ್ರೀನ್‌ಶಾಟ್. ಬೈಕ್ ಮುಂದೆ ಹೋಗಿದೆ, ಅದರ ಸುತ್ತ ಇರಬೇಕಾದ ಬಾಕ್ಸ್ ಹಿಂದೆ ಖಾಲಿ ರಸ್ತೆ ಮೇಲೆ ಕೂತಿದೆ.

ನಾನು ಮೊದಲು ಕೇಳುವುದು ಇಷ್ಟೇ: ವಿಡಿಯೊ ಶುರುವಿನಲ್ಲಿ ಬಾಕ್ಸ್ ಸರಿ ಇದೆಯಾ? "ಮೊದಲ ನಿಮಿಷ ಪರವಾಗಿಲ್ಲ ಸರ್, ಆಮೇಲೆ ಪೂರ್ತಿ ಹಾಳು." ಅಲ್ಲಿಗೆ ಮುಕ್ಕಾಲು ಪಾಲು ಗೊತ್ತಾದ ಹಾಗೆ.

ನಮ್ಮ ಎಪಿಐನಿಂದ (ಗಿರಾಕಿಯ ಕೋಡ್ ನಮ್ಮ ಸಿಸ್ಟಮ್ ಜೊತೆ ಮಾತಾಡುವ ದಾರಿ) ಬಂದ ಉತ್ತರದಲ್ಲಿ ಬಾಕ್ಸ್‌ನ ಸಮಯ ಸೆಕೆಂಡಿನಲ್ಲಿದೆ. ಇವರ ಕೋಡ್ ಅದನ್ನು 30ರಿಂದ ಗುಣಿಸಿ ಫ್ರೇಮ್ (ವಿಡಿಯೊದ ಒಂದೊಂದು ಚಿತ್ರ) ನಂಬರ್ ಮಾಡಿಕೊಂಡಿದೆ. ವಿಡಿಯೊದ ನಿಜವಾದ ವೇಗ ಸೆಕೆಂಡಿಗೆ 29.97 ಫ್ರೇಮ್. 1953ರಲ್ಲಿ ಅಮೆರಿಕದ ಟಿವಿಗೆ ಬಣ್ಣ ಸೇರಿಸುವಾಗ, ಬಣ್ಣದ ಸಿಗ್ನಲ್ ಧ್ವನಿಯ ಸಿಗ್ನಲ್‌ಗೆ ಅಡ್ಡ ಬಾರದಿರಲಿ ಎಂದು 30ನ್ನು ಒಂದು ಚೂರು ತಗ್ಗಿಸಿದರು. ಆ ಚೂರು ಇವತ್ತಿಗೂ ನಮ್ಮ ಫೈಲುಗಳಲ್ಲಿ ಉಳಿದಿದೆ. ಹತ್ತು ನಿಮಿಷಕ್ಕೆ 18 ಫ್ರೇಮ್ ವ್ಯತ್ಯಾಸ, ಅಂದರೆ 0.6 ಸೆಕೆಂಡ್. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕ್ ಅಷ್ಟರಲ್ಲಿ 10 ಮೀಟರ್ ಹೋಗಿರುತ್ತದೆ.

"ಸರಿ, ಹಾಗಾದ್ರೆ 29.97ರಿಂದ ಗುಣಿಸ್ತೀವಿ" ಅಂತಾರೆ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುವುದು ಇಲ್ಲೇ.

ಫೋನಿನಲ್ಲಿ ತೆಗೆದ ವಿಡಿಯೊಗೆ ಎಷ್ಟೋ ಸಲ ಒಂದೇ ವೇಗ ಅಂತ ಇರುವುದೇ ಇಲ್ಲ. ಬೆಳಕು ಕಡಿಮೆಯಾದರೆ ಕ್ಯಾಮೆರಾ ಪ್ರತಿ ಫ್ರೇಮಿಗೂ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಬಿಸಿಲಲ್ಲಿ ಒಂದು ಅಂತರ, ಸುರಂಗದೊಳಗೆ ಇನ್ನೊಂದು. ಯಾವ ಸಂಖ್ಯೆಯಿಂದ ಗುಣಿಸುತ್ತೀರಿ? ಪ್ರತಿ ಫ್ರೇಮಿನ ಸಮಯವೂ ಫೈಲಿನೊಳಗೇ ಬರೆದಿರುತ್ತದೆ. ಎಫ್‌ಎಫ್‌ಪ್ರೋಬ್ ಎಂಬ, ವಿಡಿಯೊ ಫೈಲಿನ ವಿವರ ತೋರಿಸುವ ಸಾಫ್ಟ್‌ವೇರ್‌ಗೆ ಕೊಟ್ಟರೆ ಪಟ್ಟಿ ಕೈಗೆ ಬರುತ್ತದೆ. ಗುಣಾಕಾರ ಬಿಡಿ, ಆ ಪಟ್ಟಿ ನೋಡಿ ಹುಡುಕಿ. ಅದಕ್ಕಿಂತ ಒಳ್ಳೆಯದು, ಫ್ರೇಮ್‌ಗಳನ್ನು ನೀವೇ ಬಿಡಿಸಿ, ನಂಬರ್ ಹಾಕಿ, ಚಿತ್ರಗಳಾಗಿಯೇ ಜಾಬ್‌ಗೆ (ನಮಗೆ ಒಪ್ಪಿಸುವ ಒಂದು ಲೇಬಲ್ ಕೆಲಸಕ್ಕೆ) ಕಳಿಸಿ. ಎಪಿಐ ಅದನ್ನು ಒಪ್ಪಿದರೆ ನಾನಂತೂ ಬೇರೆ ದಾರಿ ಹಿಡಿಯುವುದಿಲ್ಲ.

ಕೆಲವರು ವಿಡಿಯೊವನ್ನು ಒಂದೇ ವೇಗಕ್ಕೆ ಬದಲಿಸಿ ಕಳಿಸುತ್ತಾರೆ. ತಪ್ಪಲ್ಲ. ಆದರೆ ಹಾಗೆ ಬದಲಿಸುವಾಗ ಕೆಲವು ಫ್ರೇಮ್ ಬಿದ್ದುಹೋಗುತ್ತವೆ, ಕೆಲವು ಎರಡೆರಡಾಗುತ್ತವೆ. ಹಾಗಾಗಿ ನಮಗೆ ಕಳಿಸಿದ ಫೈಲಿನ ಮೇಲೇ ಲೇಬಲ್ ಕೂರಿಸಬೇಕು. ಬದಲಿಸಿದ್ದನ್ನು ನಮಗೆ ಕಳಿಸಿ, ಲೇಬಲನ್ನು ಮೂಲ ಫೈಲಿನ ಮೇಲೆ ಹಾಕಿ, ಮತ್ತೆ ನಮಗೇ ಬೈದವರೂ ಇದ್ದಾರೆ.

ಎಲ್ಲ ತಪ್ಪೂ ನಿಮ್ಮದೇ ಅಂತ ನಾನು ಹೇಳುತ್ತಿಲ್ಲ. ಮೊದಲಿನಿಂದ ಕೊನೆವರೆಗೂ ಸರಿಯಾಗಿ ಒಂದೇ ಒಂದು ಫ್ರೇಮ್ ಆಚೀಚೆ ಇದ್ದರೆ, ಒಬ್ಬರು ಸೊನ್ನೆಯಿಂದ, ಇನ್ನೊಬ್ಬರು ಒಂದರಿಂದ ಎಣಿಸಿರಬಹುದು. ತಿರುವಿನಲ್ಲಿ ಮಾತ್ರ ಬಾಕ್ಸ್ ತಪ್ಪಿದರೆ ಅದು ಬಹುಶಃ ನಮ್ಮದೇ ಎಡವಟ್ಟು. ಲೇಬಲ್ ಮಾಡುವವರು ಎರಡು ಫ್ರೇಮ್‌ಗಳಲ್ಲಿ ಕೈಯಿಂದ ಬಾಕ್ಸ್ ಹಾಕಿರುತ್ತಾರೆ, ನಡುವಿನದನ್ನು ಸಾಫ್ಟ್‌ವೇರ್ ನೇರ ಗೆರೆಯಲ್ಲಿ ತುಂಬಿರುತ್ತದೆ. ಹೇಳಿ, ಸರಿ ಮಾಡಿಕೊಡುತ್ತೇವೆ.

ಒಬ್ಬ ಹುಡುಗ ಮಾತ್ರ ಮರೆಯುವುದಿಲ್ಲ. ಬಾಕ್ಸ್ ಜಾರಿದೆ ಎಂದು ಅದೇ ವಿಡಿಯೊವನ್ನು ಮೂರು ಸಲ ಕಳಿಸಿದ್ದ, ಪ್ರತಿ ಸಲವೂ ಹೊಸ ಐಡಿ ಕೊಟ್ಟು. ಒಂದೇ ಐಡಿ ಕೊಟ್ಟಿದ್ದರೆ ನಮ್ಮ ಸಿಸ್ಟಮ್ ಎರಡನೆಯದನ್ನೇ ತಡೆಯುತ್ತಿತ್ತು. ಮೂರು ಬಿಲ್ ಬಂತು. ಮೂರೂ ಉತ್ತರಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದೆ. ಹೆಚ್ಚುಕಡಿಮೆ ಒಂದೇ ಜಾಗ. "ಮೂರು ತಂಡ ಒಂದೇ ಕಡೆ ನಿದ್ದೆ ಮಾಡೋಕೆ ಆಗುತ್ತಾ?" ಅಂದೆ. ಪಾಪ, ನಕ್ಕುಬಿಟ್ಟ.

ಆಮೇಲೆ ನೋಡಿದರೆ ಮೊದಲ ಜಾಬ್‌ನ ಉತ್ತರದಲ್ಲೇ ಲೇಬಲ್ ಮಾಡಿದವರು ಷರಾ ಬರೆದಿದ್ದರು: "4ನೇ ನಿಮಿಷದ ನಂತರ ಫ್ರೇಮ್‌ಗಳ ಅಂತರ ಏರುಪೇರಾಗಿದೆ, ದಯವಿಟ್ಟು ನೋಡಿ." ಅವನ ಕೋಡ್ ಆ ಷರಾ ಇದ್ದ ಕಾಲಮ್ಮನ್ನು ಓದುತ್ತಲೇ ಇರಲಿಲ್ಲ.