ಸೆಟ್ಟರ್ ನಿವೃತ್ತರಾಗುವ ಮುನ್ನ

ಪೀಣ್ಯದ ಸಣ್ಣ ಮಷಿನ್ ಶಾಪ್‌ಗಳಲ್ಲಿ 'ಸಂಸ್ಥೆಯ ಜ್ಞಾನ ಎಲ್ಲಿದೆ, ತೋರಿಸಿ' ಎಂದರೆ ಹೆಚ್ಚಿನ ಕಡೆ ಒಂದು ಎಕ್ಸೆಲ್ ಹಾಳೆ ತೆರೆದುಕೊಳ್ಳುತ್ತದೆ. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ ಸೇರಿದ 7.1.6ನೇ ಅಂಶದ ಮಹಿಮೆ ಅದು. ಕೆಲಸ ನಡೆಯಲು ಯಾವ ಜ್ಞಾನ ಬೇಕೆಂದು ಗುರುತಿಸಿ, ಉಳಿಸಿಕೊಂಡು, ಬೇಕಾದವರ ಕೈಗೆ ಸಿಗುವಂತೆ ಮಾಡಬೇಕು ಎನ್ನುತ್ತದೆ ಆ ಅಂಶ. ಹಾಳೆಯಲ್ಲಿ ಡ್ರಾಯಿಂಗ್ ನಂಬರು, ತರಬೇತಿಯ ದಿನಾಂಕ, ಹಳೆಯ ರಿಜೆಕ್ಷನ್‌ಗಳ ಪಟ್ಟಿ, ಕೊನೆಯ ಕಾಲಂನಲ್ಲಿ 'ಆಪರೇಟರ್‌ಗೆ ತಿಳಿಹೇಳಲಾಗಿದೆ' ಎಂಬ ಸಾಲು. ಏನು ತಿಳಿಹೇಳಿದರು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ.

ಆ ಹಾಳೆಗೆ ಸಿಗದೆ ಉಳಿಯುವುದು ಎಂಥದ್ದು ಎಂಬುದಕ್ಕೆ ಒಂದು ಉದಾಹರಣೆ. 100 ಮಿ.ಮೀ. ಬೋರ್ (ಕೊರೆದ ರಂಧ್ರ) ಇರುವ ಅಲ್ಯೂಮಿನಿಯಂ ಹೌಸಿಂಗ್, ಟಾಲರೆನ್ಸ್ ಎಚ್7. ಅಂದರೆ ಅಳತೆಯ ವ್ಯತ್ಯಾಸಕ್ಕೆ ಸಿಗುವ ಅವಕಾಶ ಬರೀ 35 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಅಲ್ಯೂಮಿನಿಯಂ ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಜಾಬ್ (ಮಷಿನ್‌ನಲ್ಲಿ ತಯಾರಾಗುವ ಭಾಗ) 10 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಈ ಬೋರ್ ಅಷ್ಟೇ, 23 ಮೈಕ್ರಾನ್, ದೊಡ್ಡದಾಗಿ ಕಾಣುತ್ತದೆ. ಮಷಿನ್‌ನಿಂದ ಇಳಿಸಿದ ಕೂಡಲೇ ಅಳೆದು 'ಓಕೆ' ಎಂದವನ ಜಾಬ್, ಗಿರಾಕಿಯ ಏಸಿ ಕೋಣೆಯಲ್ಲಿ 20 ಡಿಗ್ರಿಗೆ ಬಂದಾಗ ಅಂಡರ್‌ಸೈಜ್ ಆಗಿಬಿಡಬಹುದು. ವರ್ಕ್ ಇನ್‌ಸ್ಟ್ರಕ್ಷನ್‌ನಲ್ಲಿ 'ಬೋರ್ ಗೇಜ್‌ನಿಂದ ಅಳೆಯಿರಿ' ಎಂದಷ್ಟೇ ಬರೆದಿರುತ್ತದೆ. ಹಳೆಯ ಸೆಟ್ಟರ್ (ಜಾಬ್‌ಗೆ ತಕ್ಕಂತೆ ಮಷಿನ್ ಸಜ್ಜು ಮಾಡಿಕೊಡುವವರು) ಜಾಬನ್ನು ಸರ್ಫೇಸ್ ಪ್ಲೇಟಿನ ಮೇಲಿಟ್ಟು, ಟೀ ಕುಡಿದು ಬಂದು ಆಮೇಲೆ ಅಳೆಯುತ್ತಾರೆ. ಅದು ಅವರ ಲೆಕ್ಕದಲ್ಲಿ ಜ್ಞಾನವೇ ಅಲ್ಲ, ಅಭ್ಯಾಸ. ಹಾಗಾಗಿ 'ನಿಮಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಿ' ಎಂದು ನಿವೃತ್ತಿಗೆ ತಿಂಗಳಿರುವಾಗ ಅವರ ಮುಂದೆ ನೋಟ್‌ಬುಕ್ ಇಟ್ಟರೆ, ಅದರಲ್ಲಿ ಬರುವುದು ವರ್ಕ್ ಇನ್‌ಸ್ಟ್ರಕ್ಷನ್‌ನ ನಕಲೇ.

ಕೇಳುವ ರೀತಿ ಬೇರೆ ಇದೆ. ಅಮೆರಿಕದ ಮನೋವಿಜ್ಞಾನಿ ಗ್ಯಾರಿ ಕ್ಲೈನ್ 1980ರ ದಶಕದಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ಮಾತಾಡಿಸಿದಾಗ ಅವರ ನಿಯಮಗಳನ್ನು ಕೇಳುವ ಬದಲು, ಕಷ್ಟವಾದ ಒಂದೊಂದು ಘಟನೆಯನ್ನು ಎತ್ತಿಕೊಂಡು ಕೆದಕಿದರು. ನಾನು ಸೆಟ್ಟರ್‌ಗಳನ್ನು ಕೇಳುವುದೂ ಹೀಗೆಯೇ: ಕಳೆದ ಸಲ ಈ ಜಾಬ್ ಕೈಕೊಟ್ಟಿದ್ದು ಯಾವಾಗ? ಮೊದಲು ಏನು ಗಮನಿಸಿದಿರಿ? ಹೊಸ ಹುಡುಗ ಆ ಜಾಗದಲ್ಲಿದ್ದಿದ್ದರೆ ಏನು ಮಾಡುತ್ತಿದ್ದ? ಮೂರನೆಯ ಪ್ರಶ್ನೆಗೆ ಸಾಮಾನ್ಯವಾಗಿ ಮೊದಲು ಒಂದು ನಗು ಬರುತ್ತದೆ, ಆಮೇಲೆ ಬೇಕಾದ ಉತ್ತರ ಬರುತ್ತದೆ. ಈ ಮಾತುಕತೆಯನ್ನು ಆಫೀಸಿನಲ್ಲಿ ನಡೆಸಬೇಡಿ. ಮಷಿನ್ ಪಕ್ಕದಲ್ಲಿ ನಿಂತು ಮಾತಾಡಿಸಿ, ಮುಂದೆ ಆ ಕೆಲಸ ಮಾಡಬೇಕಾದ ಹುಡುಗನೇ ಕೇಳಲಿ.

ಇನ್ನು, ಯಾಕೆ ಹೇಳಿಕೊಡಬೇಕು ಎಂಬ ಪ್ರಶ್ನೆ. 'ಇವನಿಗೆ ಎಲ್ಲ ಕಲಿಸಿಬಿಟ್ಟರೆ ನಾಳೆ ನನ್ನನ್ನು ಯಾರು ಕೇಳ್ತಾರೆ ಸಾರ್?' ಎಂದು ಸೆಟ್ಟರ್ ಹೇಳಿದರೆ ಮಾಲೀಕರು ಅದನ್ನು ಸಣ್ಣತನ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗೊತ್ತಿರುವುದೇ ಅವರ ಬಂಡವಾಳ. ಅದನ್ನು ಪುಕ್ಕಟೆ ಕೇಳುತ್ತಿರುವುದು ನಾವು. ಕಲಿಸುವುದನ್ನೇ ಅವರ ಕೆಲಸದ ಭಾಗ ಮಾಡಿ, ಅದಕ್ಕೆ ಸಮಯ, ಸಂಬಳ, ಹುದ್ದೆ ಕೊಡದೆ ಈ ಮಾತು ಮುಂದೆ ಹೋಗುವುದಿಲ್ಲ. ನಿವೃತ್ತಿಯ ನಂತರ ವಾರಕ್ಕೆರಡು ದಿನ ಬರುವಂತೆ ಗೊತ್ತು ಮಾಡಿಕೊಂಡರೂ ಆದೀತು.

ಆದರೆ ಒಂದೊಂದು ಟಿಪ್ಪಣಿಗೂ ಬಹುಮಾನ ಇಡುವುದು ಅಪಾಯ. 2000ದ ದಶಕದ ಆರಂಭದಲ್ಲಿ ಇನ್ಫೋಸಿಸ್ ಜ್ಞಾನ ಹಂಚಿಕೊಂಡವರಿಗೆ ಅಂಕ ಕೊಡುವ ವ್ಯವಸ್ಥೆ ತಂದಾಗ ಬರಹಗಳು ಹರಿದುಬಂದವು, ಜೊತೆಗೆ ಗುಣಮಟ್ಟದ ಚಿಂತೆಯೂ ಬಂತು. ಕೊನೆಗೆ ಅಂಕ ಕೊಡುವ ಕ್ರಮವನ್ನೇ ಬದಲಿಸಬೇಕಾಯಿತು. ಝೆರಾಕ್ಸ್ ಕಂಪನಿಯ ಕಥೆ ಇದಕ್ಕಿಂತ ಚೆನ್ನಾಗಿದೆ. ಅಲ್ಲಿನ ಮಾನವಶಾಸ್ತ್ರಜ್ಞ ಜೂಲಿಯನ್ ಓರ್, ಕಾಪಿಯರ್ ರಿಪೇರಿ ಮಾಡುವವರ ಬೆನ್ನಿಗೆ ಬಿದ್ದು ನೋಡಿದಾಗ, ಮ್ಯಾನ್ಯುಯಲ್ ಕೈಬಿಟ್ಟ ಕಡೆ ಅವರನ್ನು ಕಾಪಾಡುತ್ತಿದ್ದುದು ತಿಂಡಿ ಊಟದ ಹೊತ್ತಿಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆಗಳು ಎಂದು ಕಂಡುಕೊಂಡರು. 1990ರ ದಶಕದಲ್ಲಿ ಫ್ರಾನ್ಸ್‌ನಿಂದ ಶುರುವಾದ ಝೆರಾಕ್ಸ್‌ನ 'ಯುರೇಕಾ' ವ್ಯವಸ್ಥೆಯಲ್ಲಿ ಒಬ್ಬ ರಿಪೇರಿಯವ ಬರೆದ ಉಪಾಯವನ್ನು ಪಳಗಿದ ಇತರರು ಪರೀಕ್ಷಿಸುತ್ತಿದ್ದರು. ಪಾಸಾದರೆ ಬರೆದವನ ಹೆಸರಿನೊಂದಿಗೆ ಎಲ್ಲರಿಗೂ ಹೋಗುತ್ತಿತ್ತು. ದುಡ್ಡಲ್ಲ, ಹೆಸರು.

ನಮ್ಮ ಶಾಪ್‌ಗಳಲ್ಲಿ ಇಂಥ ಕಥೆಗಳು ಈಗ ವಾಟ್ಸಾಪ್‌ನಲ್ಲಿವೆ. ಸೆಟ್ಟರ್ ಹಬ್ಬಕ್ಕೆ ಊರಿಗೆ ಹೋಗಿರುತ್ತಾರೆ. 'ಅಣ್ಣ, ಬೋರ್‌ನಲ್ಲಿ ಚಾಟರ್ ಬರ್ತಿದೆ' ಎಂದು, ಟೂಲ್ ನಡುಗಿ ಬಿದ್ದ ಗೆರೆಗಳ ಫೋಟೊ ಹುಡುಗ ಕಳಿಸುತ್ತಾನೆ. 'ಬೋರಿಂಗ್ ಬಾರ್, ಟೂಲ್ ಹಿಡಿದಿರೋ ಸಲಾಕೆ, ಜಾಸ್ತಿ ಹೊರಗೆ ಬಂದಿದೆ ನೋಡು. ಸ್ಟೀಲ್ ಬಾರ್ ಅದು, ದಪ್ಪದ ನಾಲ್ಕು ಪಟ್ಟು ಮೀರಬಾರದು. ಒಳಗೆ ಎಳ್ಕೊ, ಆಮೇಲೂ ಬಂದ್ರೆ ಆರ್‌ಪಿಎಂ ಇಳಿಸು' ಎಂದು ವಾಯ್ಸ್ ಮೆಸೇಜ್ ಬರುತ್ತದೆ. ನಿಜವಾದ ಪ್ರಶ್ನೆ, ಬೇಕಾದ ಹೊತ್ತಿಗೆ ಸಿಕ್ಕ ಉತ್ತರ. ಯಾವ ದುಬಾರಿ ಸಾಫ್ಟ್‌ವೇರೂ ಇದನ್ನು ಮೀರಿಸುವುದಿಲ್ಲ. ಆದರೆ ಫೋನ್ ಬದಲಾದರೆ ಅದೂ ಹೋಯಿತು. ವಾರಕ್ಕೊಮ್ಮೆ ಕ್ವಾಲಿಟಿ ವಿಭಾಗದವರೊಬ್ಬರು ಆ ಗ್ರೂಪ್ ಕೇಳಿಸಿಕೊಂಡು, ಕೆಲಸಕ್ಕೆ ಬರುವ ಒಂದೆರಡನ್ನು ಕಾರ್ಡಿನ ಮೇಲೆ ಕನ್ನಡದಲ್ಲೇ ಬರೆದು ಮಷಿನ್‌ಗೆ ಅಂಟಿಸಲಿ. ಪಾರ್ಟ್ ನಂಬರು, ಹೇಳಿದವರ ಹೆಸರು, ದಿನಾಂಕ ಇರಲಿ.

ರಿಜೆಕ್ಷನ್ ಆದಾಗ ಸೇರುವ ಸಭೆಗೆ ಅಮೆರಿಕದ ಸೈನ್ಯ ರೂಢಿಸಿಕೊಂಡ ನಾಲ್ಕು ಪ್ರಶ್ನೆ ಸಾಕು: ಏನಾಗಬೇಕಿತ್ತು, ಏನಾಯಿತು, ವ್ಯತ್ಯಾಸ ಯಾಕೆ, ಮುಂದಿನ ಸಲ ಏನು ಮಾಡೋಣ. ಅಲ್ಲಿ ಮಾತಾಡುವಾಗ ಪದವಿ ಲೆಕ್ಕಕ್ಕಿಲ್ಲ ಎಂಬುದು ನಿಯಮ. ನಮ್ಮಲ್ಲಿ ಸಾಹೇಬರು ಮೊದಲು ಬಾಯಿ ತೆರೆದರೆ ಸಭೆ ಅಲ್ಲಿಗೇ ಮುಗಿದಂತೆ. ಆಪರೇಟರ್ ಮೊದಲು, ಸೆಟ್ಟರ್ ಆಮೇಲೆ, ಮಾಲೀಕರು ಕೊನೆಗೆ.

ಕಾರ್ಡ್ ಅಂಟಿಸುವಷ್ಟೇ ಮುಖ್ಯ ಅದನ್ನು ಕಿತ್ತುಹಾಕುವುದು. ಇನ್ಸರ್ಟ್‌ನ (ಟೂಲಿನ ತುದಿಗೆ ಕೂರಿಸುವ ಕತ್ತರಿಸುವ ಬಿಲ್ಲೆ) ಗ್ರೇಡ್ ಬದಲಾದ ದಿನವೇ ಹಳೆಯ ಸ್ಪೀಡ್ ಬರೆದ ಕಾರ್ಡ್ ಸುಳ್ಳಾಗುತ್ತದೆ. ಒಂದು ಮಷಿನ್‌ಗೆ ಒಬ್ಬರಂತೆ ಈ ಹೊಣೆ ಯಾರದ್ದೆಂದು ಹೆಸರು ಹಿಡಿದು ಹೇಳಿರಬೇಕು.

ಆಡಿಟರ್ ಬಂದರೆ ಏನು ತೋರಿಸಲಿ ಎಂದು ಮಾಲೀಕರು ಕೇಳುತ್ತಾರೆ. 7.1.6ನೇ ಅಂಶವನ್ನು ಇನ್ನೊಮ್ಮೆ ಓದಿ. ಪ್ರತ್ಯೇಕ ರಿಜಿಸ್ಟರ್ ಇಡಬೇಕೆಂದು ಅದರಲ್ಲಿ ಎಲ್ಲೂ ಹೇಳಿಲ್ಲ. ಆಡಿಟರನ್ನು ಮಷಿನ್ ಹತ್ತಿರ ಕರೆದೊಯ್ದು, ಆ ಹೌಸಿಂಗ್ ಬಿಸಿಯಿರುವಾಗಲೇ ಯಾಕೆ ಅಳೆಯಬಾರದು ಎಂದು ಆಪರೇಟರನ್ನೇ ಕೇಳುವುದಕ್ಕೆ ಹೇಳಿ.